ಬ್ಯಾಂಕಾಕ್‌ನ ಗೋಪುರ, ಶಿರೂರಿನ ಗುಡ್ಡ: ಕರಾವಳಿಯವರು ಹೆದರಬೇಕಾದ್ದು ಯಾವುದಕ್ಕೆ?

2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನ ಮಂಡಲೆ ಹತ್ತಿರ 7.7 ಪ್ರಮಾಣದ ಭೂಕಂಪವಾಯಿತು. ಅಲ್ಲಿಂದ ಸುಮಾರು ಸಾವಿರ ಕಿಲೋಮೀಟರ್ ದೂರದ ಬ್ಯಾಂಕಾಕ್‌ನಲ್ಲಿ ಕಟ್ಟುತ್ತಿದ್ದ ಮೂವತ್ತು ಚಿಲ್ಲರೆ ಮಹಡಿಗಳ ಸರ್ಕಾರಿ ಕಟ್ಟಡ ನೋಡನೋಡುತ್ತಲೇ ಕುಸಿದು ಧೂಳೆದ್ದಿತು. ಆ ವಿಡಿಯೋ ನೋಡದವರು ಕಡಿಮೆ. ನಾಲ್ಕು ತಿಂಗಳ ಬಳಿಕ, ಜುಲೈ 30ರಂದು, ರಷ್ಯಾದ ಕಮ್ಚಟ್ಕಾ ಬಳಿ 8.8 ಪ್ರಮಾಣದ ಭೂಕಂಪ. ಪೆಸಿಫಿಕ್ ಸಾಗರದ ಉದ್ದಗಲಕ್ಕೂ ಸುನಾಮಿ ಎಚ್ಚರಿಕೆ ಹೋಯಿತು, ಸಾವುನೋವು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಮತ್ತೊಂದು ತಿಂಗಳಿಗೆ, ಆಗಸ್ಟ್ 31ರಂದು, ಅಫ್ಘಾನಿಸ್ತಾನದ ಕುನಾರ್ ಪ್ರಾಂತ್ಯದಲ್ಲಿ ಬರೀ 6.0 ಪ್ರಮಾಣದ ಕಂಪನ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಓದುವವರಿಗೆ ಇದು ಗೋಜಲು. ದೊಡ್ಡದು ಸುಮ್ಮನೆ ಹೋಯಿತು, ಸಣ್ಣದು ಊರೂರನ್ನೇ ನೆಲಸಮ ಮಾಡಿತು, ಇನ್ನೊಂದು ಸಾವಿರ ಕಿಲೋಮೀಟರ್ ಆಚೆ ಹೋಗಿ ಗೋಪುರ ಉರುಳಿಸಿತು. ಕಾರವಾರ, ಕುಮಟಾ, ಹೊನ್ನಾವರ, ಘಟ್ಟದ ಮೇಲಿನ ಶಿರಸಿಯಲ್ಲೂ ಅಪಾರ್ಟ್‌ಮೆಂಟುಗಳು ಒಂದರ ಪಕ್ಕ ಒಂದು ಏಳುತ್ತಿರುವ ಹೊತ್ತಿನಲ್ಲಿ ಈ ಗೋಜಲು ನೇರವಾದ ಪ್ರಶ್ನೆಯೊಂದಕ್ಕೆ ಬಂದು ನಿಲ್ಲುತ್ತದೆ: ನಮ್ಮಂಥ ಜಾಗದಲ್ಲಿ ಎತ್ತರದ ಕಟ್ಟಡ ಬೇಕೇ, ಅದು ನಿಂತೀತೇ?

ಉತ್ತರ ಹುಡುಕುವಾಗ ನಮ್ಮ ಕಣ್ಣು ತಾನಾಗಿಯೇ ಮೇಲಕ್ಕೆ ಹೋಗುತ್ತದೆ, ಎಷ್ಟನೇ ಮಹಡಿ ಎಂದು ಎಣಿಸುತ್ತೇವೆ. ಉತ್ತರ ಕನ್ನಡದ ಮಟ್ಟಿಗೆ ನೋಡಬೇಕಾದ್ದು ಕೆಳಗೆ, ಮಣ್ಣಿನಲ್ಲಿ.

ಅಂಕಿಯೊಂದು, ಪೆಟ್ಟು ಇನ್ನೊಂದು

ಭೂಕಂಪದ ಪ್ರಮಾಣ ಎಂದು ಸುದ್ದಿಯಲ್ಲಿ ಬರುವ ಅಂಕಿ ಭೂಮಿಯೊಳಗೆ ಬಂಡೆ ಸೀಳಿದ ಜಾಗದಲ್ಲಿ ಎಷ್ಟು ಶಕ್ತಿ ಬಿಡುಗಡೆಯಾಯಿತು ಎಂಬುದರ ಲೆಕ್ಕ. ಅಂಕಿ ಒಂದು ಹೆಚ್ಚಿದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಆ ಲೆಕ್ಕದಲ್ಲಿ ಕಮ್ಚಟ್ಕಾದ ಭೂಕಂಪ ಕುನಾರ್‌ನದಕ್ಕಿಂತ ಹೆಚ್ಚುಕಡಿಮೆ 16 ಸಾವಿರ ಪಟ್ಟು ಬಲವಾದದ್ದು. ಆದರೆ ಅದು ಸಂಭವಿಸಿದ್ದು ಸಮುದ್ರದ ತಳದಲ್ಲಿ, ಜನವಸತಿ ವಿರಳವಾದ ಕಡೆ. ಕುನಾರ್‌ನಲ್ಲಿ ಬಂಡೆ ಸೀಳಿದ್ದು ನೆಲದಿಂದ ಹತ್ತು ಕಿಲೋಮೀಟರಿಗೂ ಕಡಿಮೆ ಆಳದಲ್ಲಿ, ಮೇಲಿದ್ದದ್ದು ಕಡಿದಾದ ಗುಡ್ಡಕ್ಕೆ ಅಂಟಿಕೊಂಡ ಮಣ್ಣು, ಕಲ್ಲಿನ ಮನೆಗಳು, ಹೊತ್ತು ನಡುರಾತ್ರಿ.

ಹೀಗೆ, ಅದೇ ಶಕ್ತಿ ಒಂದೊಂದು ಜಾಗದಲ್ಲಿ ಒಂದೊಂದು ಥರದ ಪೆಟ್ಟು ಕೊಡುತ್ತದೆ. ಆಳ, ದೂರ, ಕಾಲಡಿಯ ಮಣ್ಣು, ಮೇಲಿರುವ ಕಟ್ಟಡ: ಈ ನಾಲ್ಕನ್ನು ಬಿಟ್ಟು ಬರೀ ಅಂಕಿ ಹಿಡಿದುಕೊಂಡರೆ ಯಾವ ಭೂಕಂಪದ ಸುದ್ದಿಯೂ ಅರ್ಥವಾಗುವುದಿಲ್ಲ.

ದೂರದ ಕಂಪನ ಎತ್ತರದ ಕಟ್ಟಡವನ್ನೇ ಏಕೆ ಹುಡುಕುತ್ತದೆ

ಭೂಕಂಪದ ಅಲೆಗಳಲ್ಲಿ ಚುರುಕಾಗಿ ಅದುರುವವು, ನಿಧಾನವಾಗಿ ತೂಗುವವು ಎರಡೂ ಇರುತ್ತವೆ. ಚುರುಕಿನವು ಬಂಡೆ, ಮಣ್ಣು ದಾಟುತ್ತಾ ಬೇಗ ಸೋಲುತ್ತವೆ. ನಿಧಾನದವು ನೂರಾರು ಕಿಲೋಮೀಟರ್ ಸಾಗುತ್ತವೆ. ಪ್ರತಿ ಕಟ್ಟಡಕ್ಕೂ ತನ್ನದೇ ತೂಗಾಟದ ಗತಿಯಿರುತ್ತದೆ. ಒರಟು ಲೆಕ್ಕದಲ್ಲಿ ಒಂದು ಮಹಡಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯಬಹುದು: ಎರಡಂತಸ್ತಿನ ಮನೆ ಸೆಕೆಂಡಿಗೆ ಐದು ಬಾರಿ ಅದುರಬಯಸಿದರೆ, ಇಪ್ಪತ್ತು ಮಹಡಿಯದು ಒಂದು ತೂಗಾಟಕ್ಕೆ ಎರಡು ಸೆಕೆಂಡು ತೆಗೆದುಕೊಳ್ಳುತ್ತದೆ. ಜೋಕಾಲಿಯ ಗತಿಗೆ ಸರಿಯಾಗಿ ತಳ್ಳಿದರೆ ಸಣ್ಣ ಕೈಯೂ ಅದನ್ನು ಮೇಲೆತ್ತುತ್ತದಲ್ಲ, ಹಾಗೆಯೇ ನೆಲದ ಗತಿಯೂ ಕಟ್ಟಡದ ಗತಿಯೂ ಕೂಡಿಕೊಂಡರೆ ಸಣ್ಣ ಕಂಪನವೂ ದೊಡ್ಡ ತೂಗಾಟವಾಗುತ್ತದೆ.

ಬ್ಯಾಂಕಾಕ್ ನಿಂತಿರುವುದು ಚಾವೊ ಫ್ರಾಯಾ ನದಿ ತಂದು ಸುರಿದ ಮೆತ್ತನೆಯ ಜೇಡಿಮಣ್ಣಿನ ಮೇಲೆ. ಅಂಥ ಮಣ್ಣು ನಿಧಾನದ ಅಲೆಗಳನ್ನು ಹಿಗ್ಗಿಸುತ್ತದೆ. ಆದ್ದರಿಂದಲೇ ಸಾವಿರ ಕಿಲೋಮೀಟರ್ ದೂರದಲ್ಲೂ ಅಲ್ಲಿನ ಗೋಪುರಗಳು ತೂಗಾಡಿದವು, ಮೇಲ್ಮಹಡಿಯ ಈಜುಕೊಳಗಳ ನೀರು ಬೀದಿಗೆ ಚೆಲ್ಲಿತು. ಇಷ್ಟಾದರೂ ನಗರದ ಸಾವಿರಾರು ಎತ್ತರದ ಕಟ್ಟಡಗಳ ನಡುವೆ ಪೂರ್ತಿ ಕುಸಿದದ್ದು ಆ ಒಂದೇ ಒಂದು. ತನಿಖೆ ಬೆರಳಿಟ್ಟದ್ದು ಲಿಫ್ಟ್ ಸುತ್ತಲಿನ ಕಾಂಕ್ರೀಟ್ ಗೋಡೆಗಳ ವಿನ್ಯಾಸ ಮತ್ತು ನಿರ್ಮಾಣದ ದೋಷದ ಮೇಲೆ.

ಇದಕ್ಕಿಂತ ಹೆಚ್ಚು ಕಲಿಸಿದ್ದು 1985ರ ಮೆಕ್ಸಿಕೊ. ಸೆಪ್ಟೆಂಬರ್ 19ರಂದು ಪೆಸಿಫಿಕ್ ಕರಾವಳಿಯಲ್ಲಿ 8.0 ಪ್ರಮಾಣದ ಭೂಕಂಪ. ಮುನ್ನೂರೈವತ್ತು ಕಿಲೋಮೀಟರಿಗೂ ಆಚೆಯ ಮೆಕ್ಸಿಕೊ ನಗರದಲ್ಲಿ ಸಾವಿರಾರು ಸಾವು. ನಗರದ ನಡುಭಾಗ ನಿಂತಿದ್ದು ಒಣಗಿದ ಹಳೆಯ ಕೆರೆಯ ತಳದ ಮೇಲೆ, ಅದರ ತೂಗಾಟದ ಗತಿ ಸುಮಾರು ಎರಡು ಸೆಕೆಂಡು. ಹೆಚ್ಚಾಗಿ ಬಿದ್ದವು ಆ ಗತಿಗೆ ಹತ್ತಿರ ಬರುವ, ಆರರಿಂದ ಹದಿನೈದು ಮಹಡಿಯ ಕಟ್ಟಡಗಳು. ಗಿಡ್ಡ ಮನೆಗಳಲ್ಲಿ ಬಹಳಷ್ಟು ಉಳಿದವು. ಇಡೀ ನಗರಕ್ಕೆ ಕಾಣುವ 44 ಮಹಡಿಯ ಟೊರ್ರೆ ಲ್ಯಾಟಿನೊಅಮೆರಿಕಾನಾ ತೂಗಾಡಿದರೂ ಬೀಳದೆ ಉಳಿಯಿತು. 1956ರಲ್ಲಿ ಅದನ್ನು ಕಟ್ಟಿದವರು ಮೆತ್ತನೆಯ ಮಣ್ಣನ್ನು ದಾಟಿ ಗಟ್ಟಿ ಪದರದವರೆಗೆ ಪೈಲ್ ಕಂಬಗಳನ್ನು ಇಳಿಸಿದ್ದರು. 2011ರ ಮಾರ್ಚ್ 11ರ ಜಪಾನ್ ಭೂಕಂಪದಲ್ಲಿ ಏಳುನೂರು ಕಿಲೋಮೀಟರಿಗೂ ದೂರದ ಒಸಾಕಾದ 256 ಮೀಟರ್ ಎತ್ತರದ ಸಕಿಶಿಮಾ ಕಟ್ಟಡ ಹತ್ತು ನಿಮಿಷದ ಹತ್ತಿರ ಹತ್ತಿರ ತೂಗಾಡಿತು, ಲಿಫ್ಟುಗಳಲ್ಲಿ ಜನ ಸಿಕ್ಕಿಕೊಂಡರು, ಕಟ್ಟಡ ಬೀಳಲಿಲ್ಲ. ತೈವಾನಿನ 508 ಮೀಟರಿನ ತೈಪೆ 101 ತನ್ನ ತುದಿಯ ಬಳಿ 660 ಟನ್ ತೂಕದ ಉಕ್ಕಿನ ಗುಂಡನ್ನೇ ನೇತುಹಾಕಿಕೊಂಡಿದೆ. ಕಟ್ಟಡ ಅತ್ತ ವಾಲಿದರೆ ಗುಂಡು ಇತ್ತ ಎಳೆಯುತ್ತದೆ. 2024ರ ಏಪ್ರಿಲ್‌ನ ದೊಡ್ಡ ಭೂಕಂಪವನ್ನೂ ಅದು ತಾಳಿಕೊಂಡಿತು.

ಎತ್ತರ ಎಂಬುದೇ ಶಾಪವಾಗಿದ್ದರೆ ಮೊದಲು ಬೀಳಬೇಕಾದವು ಇವು.

ನಾವಿರುವುದು ಎಲ್ಲಿ

ಭಾರತೀಯ ಮಾನಕ ಬ್ಯೂರೋದ ಭೂಕಂಪ ಸಂಹಿತೆಯ 2016ರ ಪಟ್ಟಿಯಲ್ಲಿ ಬೆಂಗಳೂರು ಎರಡನೇ ವಲಯದಲ್ಲಿ, ಕಾರವಾರ ಮೂರನೇ ವಲಯದಲ್ಲಿ ಇವೆ. ಮಂಗಳೂರು, ಗೋವಾ, ಬೆಳಗಾವಿಯೂ ಮೂರರಲ್ಲೇ. ಮೂರು ಎಂದರೆ ಮಧ್ಯಮ ಅಪಾಯ. ದಿಲ್ಲಿ ನಾಲ್ಕು, ಭುಜ್ ಐದು.

ಮಧ್ಯಮ ಎಂದರೆ ನಿಶ್ಚಿಂತೆ ಎಂದು ಓದುವವರಿದ್ದಾರೆ. ಅವರು ಅಹಮದಾಬಾದ್ ನೋಡಬೇಕು, ಅದೂ ಮೂರನೇ ವಲಯದ ಊರೇ. 2001ರ ಜನವರಿ 26ರ ಬೆಳಿಗ್ಗೆ ಇನ್ನೂರು ಕಿಲೋಮೀಟರಿಗೂ ದೂರದ ಭುಜ್ ಬಳಿ ನೆಲ ನಡುಗಿದಾಗ ಅಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ಉರುಳಿದವು. ಹೆಚ್ಚಿನವು ಗಗನಚುಂಬಿಗಳೇನಲ್ಲ, ನೆಲಮಹಡಿಯ ಮೇಲೆ ನಾಲ್ಕು ಮಹಡಿಯವು, ಕೆಲವು ಹತ್ತರವು. ನೆಲಮಹಡಿ ಪೂರ್ತಿ ಕಾರು ನಿಲ್ಲಿಸಲು ಬಿಟ್ಟದ್ದು, ಬರೀ ಕಂಬಗಳು. ಮೇಲಿನ ಮಹಡಿಗಳಿಗೆ ಇಟ್ಟಿಗೆ ಗೋಡೆಗಳ ಬಿಗಿ ಇರುತ್ತದೆ, ಕೆಳಗಿನದಕ್ಕೆ ಇರುವುದಿಲ್ಲ. ನೆಲ ಅಲುಗಿದಾಗ ಮೇಲಿನದೆಲ್ಲ ಒಂದೇ ಪೆಟ್ಟಿಗೆಯಾಗಿ ಸರಿಯುತ್ತದೆ, ಬಾಗುವ ಕೆಲಸ ಪೂರ್ತಿ ಆ ಕೆಳಗಿನ ಕಂಬಗಳ ಪಾಲಿಗೆ ಬೀಳುತ್ತದೆ. ಕಾರವಾರದಲ್ಲೋ ಶಿರಸಿಯಲ್ಲೋ ಹೊಸ ಅಪಾರ್ಟ್‌ಮೆಂಟಿನ ಮುಂದೆ ನಿಂತು ನೋಡಿದರೆ ಕಾಣುವುದೂ ಇದೇ ನಮೂನೆ.

ಹಾಗೆಂದು ಭುಜ್‌ನಂಥ ಭೂಕಂಪ ನಮಗೆ ಕಾದಿದೆ ಎಂದು ಹೆದರಿಸುವುದೂ ಸರಿಯಲ್ಲ. ನಮಗೆ ಹತ್ತಿರದ ದೊಡ್ಡ ಉದಾಹರಣೆ ಮಹಾರಾಷ್ಟ್ರದ ಕೊಯ್ನಾ, ಕಾರವಾರದಿಂದ ನೇರ ಅಳೆದರೆ ಮುನ್ನೂರು ಕಿಲೋಮೀಟರ್ ಹತ್ತಿರ. 1967ರ ಡಿಸೆಂಬರ್ 11ರಂದು ಅಲ್ಲಿ ಆದದ್ದು 6ಕ್ಕೆ ಮೇಲ್ಪಟ್ಟ ಭೂಕಂಪ, ಅಣೆಕಟ್ಟಿನ ನೀರಿನ ಒತ್ತಡವೇ ಅದನ್ನು ಕೆಣಕಿತು ಎಂಬುದು ಭೂವಿಜ್ಞಾನಿಗಳ ಬಹುಮತ. ಭುಜ್‌ನದಕ್ಕೆ ಹೋಲಿಸಿದರೆ ಶಕ್ತಿಯಲ್ಲಿ ಹತ್ತಾರು ಪಟ್ಟು ಕಡಿಮೆ. ಆದರೆ ನಕ್ಷೆಯನ್ನು ಕಣ್ಣುಮುಚ್ಚಿ ನಂಬುವವರಿಗೆ ಕಿಲ್ಲಾರಿಯ ನೆನಪಿರಬೇಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವದವರೆಗೆ ಲಾತೂರಿನ ಆ ಭಾಗ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಒಂದೇ ದಿನ ಸಾವಿರಾರು ಜನ ಕಲ್ಲುಮಣ್ಣಿನ ಗೋಡೆಯಡಿ ಸತ್ತರು. 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯ ಎಂಬುದನ್ನೇ ತೆಗೆದುಹಾಕಿದರು.

ಎರಡು ಕಡೆಯ ವಾದ

ಕಾರವಾರದ ಭೂಗೋಳ ಇಕ್ಕಟ್ಟು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನೆತ್ತಿಯ ಮೇಲೆ ಬಂದಂತಿರುವ ಗುಡ್ಡ, ಉತ್ತರಕ್ಕೆ ಕಾಳಿ ನದಿ, ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆ ಹಿಡಿದ ಕರಾವಳಿ. ಉಳಿದ ಸಪಾಟು ಜಾಗ ಸ್ವಲ್ಪ, ಅದಕ್ಕೆ ಬೇಡಿಕೆ ಹೆಚ್ಚು.

ಎತ್ತರ ಬೇಡ ಎನ್ನುವವರ ಮಾತಿನಲ್ಲಿ ಹುರುಳಿದೆ. ಸಣ್ಣ ಊರುಗಳಲ್ಲಿ ಎತ್ತರದ ಮಹಡಿಗೆ ತಲುಪುವ ಅಗ್ನಿಶಾಮಕ ಏಣಿ ಸಿಗುವುದು ಕಷ್ಟ, ಒಳಚರಂಡಿ ಅರೆಬರೆ, ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ. ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕಾಂಕ್ರೀಟಿನೊಳಗೆ ಲವಣ ಇಳಿದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಸರಳು ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. 2021ರ ಜೂನ್ 24ರಂದು ಅಮೆರಿಕದ ಫ್ಲೋರಿಡಾದ ಸಮುದ್ರದಂಡೆಯ ಸರ್ಫ್‌ಸೈಡ್‌ನಲ್ಲಿ 12 ಮಹಡಿಯ ವಸತಿ ಕಟ್ಟಡದ ಒಂದು ಭಾಗ ರಾತ್ರೋರಾತ್ರಿ ಕುಸಿದು 98 ಮಂದಿ ಸತ್ತಾಗ ಭೂಕಂಪವೂ ಇರಲಿಲ್ಲ, ಚಂಡಮಾರುತವೂ ಇರಲಿಲ್ಲ. ಈಜುಕೊಳದ ಸುತ್ತಲಿನ ಸ್ಲ್ಯಾಬಿಗೆ ಮೊದಲಿನಿಂದಲೂ ಬೇಕಾದಷ್ಟು ಬಲವಿರಲಿಲ್ಲ, ಮೇಲೆ ನಲವತ್ತು ವರ್ಷದ ನೀರು, ತುಕ್ಕು ಸೇರಿತ್ತು.

ಇನ್ನೊಂದು ಕಡೆಯವರ ಉತ್ತರ ಇದು: ಮೇಲಕ್ಕೆ ಕಟ್ಟಬೇಡಿ ಎಂದರೆ ಊರು ಅಡ್ಡಕ್ಕೆ ಹರಡುತ್ತದೆ. ಅಡ್ಡಕ್ಕೆ ಹರಡಬೇಕಾದರೆ ನಮ್ಮಲ್ಲಿ ಎರಡೇ ದಾರಿ, ಗುಡ್ಡ ಕಡಿಯುವುದು ಇಲ್ಲವೇ ಗದ್ದೆ, ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ತುಂಬಿಸುವುದು. ಗಟ್ಟಿ ಬಂಡೆಯ ಮೇಲೆ ಸರಿಯಾಗಿ ಕಟ್ಟಿದ ಹತ್ತು ಮಹಡಿಯಲ್ಲಿ ನಲವತ್ತು ಸಂಸಾರ ಇದ್ದರೆ ಅಷ್ಟೇ ಗುಡ್ಡ ಉಳಿಯಿತು ಎಂಬುದು ಅವರ ಲೆಕ್ಕ.

ಈ ಎರಡನೇ ವಾದ ತೂಕದ್ದು ಎಂದೇ ಹೇಳಬೇಕು. ಆದರೆ ಅದು ನಿಂತಿರುವುದೇ ‘ಗಟ್ಟಿ ಬಂಡೆಯ ಮೇಲೆ’, ‘ಸರಿಯಾಗಿ’ ಎಂಬ ಎರಡು ಮಾತಿನ ಮೇಲೆ. ನಮ್ಮಲ್ಲಿ ಅಪಾರ್ಟ್‌ಮೆಂಟ್ ಏಳುವ ಎಷ್ಟೋ ಜಾಗಗಳು ನಿನ್ನೆಮೊನ್ನೆಯವರೆಗೆ ಗದ್ದೆಯಾಗಿದ್ದವು. ಅಲ್ಲಿ ಮೇಲೆ ನಾಲ್ಕಡಿ ಕೆಂಪುಮಣ್ಣು ತುಂಬಿ ಗಟ್ಟಿಯಾಗಿ ಕಂಡರೂ ಕೆಳಗಿರುವುದು ಹಳೆಯ ಕೆಸರು. ಮೆತ್ತನೆಯ ಜೇಡಿ ಕಂಪನವನ್ನು ಹಿಗ್ಗಿಸುತ್ತದೆ, ನೀರು ತುಂಬಿದ ಸಡಿಲ ಮರಳಾದರೆ ಅಲುಗಾಟಕ್ಕೆ ಕೆಲ ಹೊತ್ತು ದ್ರವದಂತೆ ವರ್ತಿಸುತ್ತದೆ. 1964ರಲ್ಲಿ ಜಪಾನಿನ ನೀಗಾತಾದಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟುಗಳು ಎಲ್ಲೂ ಮುರಿಯದೆ ಇಡಿಯಾಗಿ ಪಕ್ಕಕ್ಕೆ ಮಲಗಿದವು. ಕಟ್ಟಡಕ್ಕೆ ಏನೂ ಆಗಿರಲಿಲ್ಲ, ಅಡಿಯ ಮರಳು ಕೈಬಿಟ್ಟಿತ್ತು.

ಬಾಗಿದ ರಿಂಗಿನ ಕತೆ

ಸರಿಯಾಗಿ ಕಟ್ಟುವುದು ಎಂದರೇನು ಎಂಬುದಕ್ಕೆ ದೊಡ್ಡ ತಂತ್ರಜ್ಞಾನ ಹುಡುಕಬೇಕಾಗಿಲ್ಲ. ಕಂಬದ ಉದ್ದ ಸರಳುಗಳ ಸುತ್ತ ಸರಳು ಕಟ್ಟುವ ಕೆಲಸದವರು ರಿಂಗ್ ಹಾಕುತ್ತಾರಲ್ಲ, ಅದರ ಕೊನೆಯ ಕೊಕ್ಕೆ ನೋಡಿದರೆ ಸಾಕು. ಅದನ್ನು 90 ಡಿಗ್ರಿಗೆ ಬಾಗಿಸಿದರೆ ಕೊಕ್ಕೆಯ ತುದಿ ಕಂಬದ ಹೊರಮೈ ಹತ್ತಿರವೇ ಉಳಿಯುತ್ತದೆ. ಭೂಕಂಪದಲ್ಲಿ ಮೊದಲು ಉದುರುವುದು ಆ ಹೊರಮೈಯ ಕಾಂಕ್ರೀಟೇ. ಉದುರಿದೊಡನೆ ರಿಂಗ್ ಬಿಚ್ಚಿಕೊಳ್ಳುತ್ತದೆ, ಉದ್ದ ಸರಳು ಹೊರಕ್ಕೆ ಬಾಗುತ್ತದೆ, ಕಂಬ ಕೂತುಬಿಡುತ್ತದೆ. ಅದೇ ಕೊಕ್ಕೆಯನ್ನು 135 ಡಿಗ್ರಿಗೆ ಬಾಗಿಸಿದರೆ ತುದಿ ಕಂಬದ ಒಡಲೊಳಗೆ ಹೂತಿರುತ್ತದೆ, ಹೊರಗಿನ ಕಾಂಕ್ರೀಟ್ ಹೋದರೂ ಹಿಡಿತ ಬಿಡುವುದಿಲ್ಲ. ಮೂರನೇ ವಲಯದಿಂದ ಮೇಲಕ್ಕೆ ಇದು ಕಡ್ಡಾಯ, ಐಎಸ್ 13920 ಸಂಹಿತೆಯಲ್ಲಿದೆ. ಸಾಮಾನಿನ ಖರ್ಚು ಹೆಚ್ಚಲ್ಲ. ತ್ರಾಸು ಕೈಗೆ, 135ಕ್ಕೆ ಬಾಗಿಸಿದ ರಿಂಗನ್ನು ಕಂಬಕ್ಕೆ ಇಳಿಸುವುದು ಕಿರಿಕಿರಿಯ ಕೆಲಸ, ನೋಡುವವರಿಲ್ಲದಿದ್ದರೆ 90ಕ್ಕೇ ನಿಂತುಬಿಡುತ್ತದೆ. ಕಾಂಕ್ರೀಟ್ ಸುರಿದ ಮೇಲೆ ಯಾರಿಗೂ ಕಾಣುವುದಿಲ್ಲ.

50 ಮೀಟರ್ ದಾಟಿದ ಕಟ್ಟಡಗಳಿಗೆ 2017ರಿಂದ ಪ್ರತ್ಯೇಕ ಸಂಹಿತೆಯೇ ಇದೆ, ಮಣ್ಣಿನ ಪರೀಕ್ಷೆಯಿಂದ ಗಾಳಿಯ ಒತ್ತಡದವರೆಗೆ ಎಲ್ಲಕ್ಕೂ ಲೆಕ್ಕ ಕೇಳುತ್ತದೆ. ವಿಚಿತ್ರವೆಂದರೆ, ನಿಯಮದ ಕಣ್ಣು ಎತ್ತರದ ಜೊತೆಗೆ ಚುರುಕಾಗುತ್ತಾ ಹೋಗುತ್ತದೆ, ಗಿಡ್ಡದರ ಕಡೆ ಬರುಬರುತ್ತಾ ಮಂಕಾಗುತ್ತದೆ. ಉತ್ತರ ಕನ್ನಡದಲ್ಲಿ ಜನ ಸತ್ತಿರುವುದು ಮಾತ್ರ ಆ ಮಂಕಾದ ಜಾಗದಲ್ಲೇ.

ಕಂಪನವಿಲ್ಲದೆ ಬಂದ ಅಲೆ

2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದ ಝರಿವಾಡದಲ್ಲಿ ಗುಡ್ಡ ಜರಿದು 19 ಮಂದಿ ಮಣ್ಣಡಿ ಸಿಕ್ಕಿ ಸತ್ತರು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಅಡಿಕೆ ತೋಟಗಳೇ ಕೊಚ್ಚಿಹೋದವು. 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಒಂದೇ ಮನೆಯ ನಾಲ್ವರು. 2024ರ ಜುಲೈ 16ರಂದು ಅಂಕೋಲಾದ ಶಿರೂರು. ಇವುಗಳಲ್ಲಿ ಒಂದಕ್ಕೂ ಭೂಕಂಪ ಕಾರಣವಲ್ಲ, ಒಂದರಲ್ಲೂ ಎತ್ತರದ ಕಟ್ಟಡವಿಲ್ಲ.

ಕಾರಣ ಪದರ ಪದರವಾಗಿದೆ. ನಮ್ಮ ಗುಡ್ಡಗಳ ಮೇಲ್ಪದರ ಚಿರೇಕಲ್ಲು, ತೂತುತೂತಾದ್ದರಿಂದ ಮಳೆನೀರನ್ನು ಕೆಳಕ್ಕೆ ಬಿಡುತ್ತದೆ. ಅದರಡಿಯಲ್ಲಿ ಶೇಡಿಮಣ್ಣು, ಒಣಗಿದ್ದಾಗ ಗಟ್ಟಿ, ನೆನೆದರೆ ಲೋಳೆ. ಅದರಡಿಯಲ್ಲಿ ನೀರಿಳಿಯದ ಬಂಡೆ. ಕರಾವಳಿ ತಾಲೂಕುಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಇಳಿದ ನೀರು ಬಂಡೆಯ ಮೇಲೆ ನಿಂತು ಶೇಡಿಯ ಕಣಗಳ ನಡುವೆ ಒತ್ತಡ ಹಾಕುತ್ತದೆ, ಕಣಕಣಗಳ ಹಿಡಿತ ಸಡಿಲವಾಗುತ್ತದೆ, ಅದೇ ಹೊತ್ತಿಗೆ ನೆನೆದ ಮಣ್ಣಿನ ತೂಕವೂ ಏರುತ್ತದೆ. ಇಷ್ಟಾದರೂ ಗುಡ್ಡ ಸಾಮಾನ್ಯವಾಗಿ ನಿಲ್ಲುತ್ತದೆ, ಏಕೆಂದರೆ ಅದರ ಬುಡ ಆತು ಹಿಡಿದಿರುತ್ತದೆ. ರಸ್ತೆಗೋ ಮನೆಗೋ ಆ ಬುಡವನ್ನೇ ನೆಟ್ಟಗೆ ಕಡಿದು ಧರೆ ಮಾಡಿದರೆ ಆಸರೆ ಹೋಯಿತು. ಬೇಸಿಗೆಯಲ್ಲಿ ಕಡಿದ ಧರೆ ನೋಡಲು ಗೋಡೆಯಷ್ಟು ಗಟ್ಟಿ, ಅದರ ಪರೀಕ್ಷೆ ಆಷಾಢದಲ್ಲಿ.

ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಜರಿದು ಚಹದಂಗಡಿ, ನಿಂತಿದ್ದ ವಾಹನಗಳು, ರಸ್ತೆ ಎಲ್ಲವನ್ನೂ ಎಳೆದುಕೊಂಡು ಗಂಗಾವಳಿ ಹೊಳೆಗೆ ಬಿದ್ದಿತು. ಅಷ್ಟು ಮಣ್ಣು ಒಮ್ಮೆಲೇ ಬಿದ್ದಾಗ ಅಷ್ಟೇ ನೀರು ಎಲ್ಲಾದರೂ ಹೋಗಬೇಕಲ್ಲ. ಅದು ಎದುರು ದಂಡೆಯ ಉಳುವರೆ ಊರಿಗೆ ಅಲೆಯಾಗಿ ನುಗ್ಗಿ ಮನೆಗಳನ್ನು ಕೆಡವಿತು. ಸುನಾಮಿ ಹುಟ್ಟುವ ಬಗೆಗಳಲ್ಲಿ ಇದೂ ಒಂದು. ಸಾಗರದಲ್ಲಿ ಆಗುವುದು ಹೊಳೆಯಲ್ಲಿ ಆಯಿತು, ಅಷ್ಟೆ. ಹೊಳೆಯಾಚೆ ಇದ್ದವರಿಗೆ ಈಚೆಯ ಗುಡ್ಡದಿಂದ ಅಪಾಯ ಬರಬಹುದೆಂದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಆಮೇಲೆ ಹುಟ್ಟಿದ ವಾದವೂ ಎಲ್ಲರಿಗೂ ಗೊತ್ತಿರುವಂಥದ್ದು: ರಸ್ತೆ ಅಗಲಿಸಿದ ರೀತಿಯೇ ಕಾರಣ ಎಂದು ಒಂದು ಕಡೆ, ಮಳೆ ಅಸಾಧಾರಣವಾಗಿತ್ತು ಎಂದು ಇನ್ನೊಂದು ಕಡೆ. ಮಳೆ ಬಿದ್ದದ್ದು ನಿಜ. ಆದರೆ ಆಷಾಢದಲ್ಲಿ ಉತ್ತರ ಕನ್ನಡದಲ್ಲಿ ಜಡಿಮಳೆ ಬೀಳುತ್ತದೆ ಎಂಬುದು ವಿನ್ಯಾಸ ಮಾಡುವವರಿಗೆ ಮೊದಲೇ ಗೊತ್ತಿರಬೇಕಾದ ಸಂಗತಿ, ಅದನ್ನು ಸಬೂಬಾಗಿ ಕೊಡಲು ಬರುವುದಿಲ್ಲ. ಅದೇ ಸಮಯಕ್ಕೆ, ಎಲ್ಲ ಕುಸಿತಕ್ಕೂ ರಸ್ತೆಯೇ ಹೊಣೆ ಎನ್ನುವುದೂ ತಪ್ಪು. ಶಿರೂರಿನ ದುರಂತವಾದ 2024ರ ಅದೇ ಜುಲೈನ 30ರಂದು ಕೇರಳದ ವಯನಾಡಿನಲ್ಲಿ ಹರಿದು ಬಂದ ಕಲ್ಲುಕೆಸರು ಹುಟ್ಟಿದ್ದು ಊರಿನಿಂದ ಕಿಲೋಮೀಟರುಗಟ್ಟಲೆ ಮೇಲಿನ ಕಾಡಿನಲ್ಲಿ. ಕಡಿದ ಧರೆಯ ಕುಸಿತವನ್ನು ಇಳಿಜಾರು ತಗ್ಗಿಸಿ, ಮೆಟ್ಟಿಲು ಬಿಟ್ಟು, ಒಳಗಿನ ನೀರು ಹೊರಹೋಗಲು ಕೊಳವೆ ಕೊಟ್ಟು ತಡೆಯಬಹುದು. ವಯನಾಡಿನ ಥರದ್ದಕ್ಕೆ ಆ ಹಳ್ಳದ ದಾರಿಯಿಂದ ದೂರ ಇರುವುದೊಂದೇ ಉಪಾಯ. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ಹಣವೂ ಹಾಳು, ಜೀವವೂ ಹಾಳು.

ಮುಂದೆ ಆಗಬಹುದಾದ್ದು

ಬ್ಯಾಂಕಾಕ್ ನೋಡಿ ಹೆದರಿ ಎತ್ತರಕ್ಕೆ ಮಾತ್ರ ಕಡಿವಾಣ ಹಾಕಿದರೆ ಜಾಗದ ಹಸಿವು ಗುಡ್ಡದ ಬುಡಕ್ಕೂ ಗಜನಿಗೂ ತಿರುಗುತ್ತದೆ, ಇರುವ ಅಪಾಯ ಬೆಳೆಯುತ್ತದೆ. ಎತ್ತರಕ್ಕೆ ಬಿಟ್ಟು ಮಣ್ಣಿನ ಪರೀಕ್ಷೆಯನ್ನೂ ಕಾಮಗಾರಿಯ ತಪಾಸಣೆಯನ್ನೂ ಕಾಗದಕ್ಕೆ ಮೀಸಲಿಟ್ಟರೆ ಅಹಮದಾಬಾದಿನ ನಮೂನೆಯ ಕಟ್ಟಡಗಳು ಕೆಸರಿನ ಮೇಲೆ ಬಂದು ನಿಲ್ಲುತ್ತವೆ. ಕಾರವಾರದ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದಾಗ ಅದರ ವಯಸ್ಸು ನಾಲ್ಕು ದಶಕ. ಕರಾವಳಿಯ ಅಪಾರ್ಟ್‌ಮೆಂಟುಗಳು ಆ ವಯಸ್ಸಿಗೆ ಬರುವ ಹೊತ್ತಿಗೆ ಕಟ್ಟಿದವರು ಇರುವುದಿಲ್ಲ, ತುಕ್ಕಿನ ಲೆಕ್ಕ ಇಡಬೇಕಾದವರು ಅಲ್ಲಿ ವಾಸಿಸುವವರ ಸಂಘ.

ಗುಡ್ಡಗಳ ವಿಷಯದಲ್ಲಿ ಮಾಹಿತಿಯೇ ಇಲ್ಲ ಎನ್ನುವಂತಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಪಶ್ಚಿಮಘಟ್ಟವೂ ಸೇರಿ ದೇಶದ ಕುಸಿತಪ್ರವಣ ಪ್ರದೇಶಗಳ ನಕ್ಷೆ ಮಾಡಿದೆ. ಶಿರೂರು ದುರಂತ ನಡೆದ ಅದೇ ತಿಂಗಳು ಕೋಲ್ಕತಾದಲ್ಲಿ ಅದರ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರವೂ ಶುರುವಾಯಿತು. ತೊಡಕು ಇರುವುದು ಅಳತೆಯಲ್ಲಿ. ಆ ನಕ್ಷೆ 1:50,000 ಪ್ರಮಾಣದ್ದು, ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಐದು ಗುಂಟೆಯ ಸೈಟು ಅದರಲ್ಲಿ ಅರ್ಧ ಮಿಲಿಮೀಟರೂ ಇಲ್ಲದ ಚುಕ್ಕೆ. ಯಾವ ಸೀಮೆಯ ಗುಡ್ಡಗಳ ಮೇಲೆ ನಿಗಾ ಬೇಕು ಎಂದು ನಕ್ಷೆ ಹೇಳಬಲ್ಲದು, ಇಂಥ ಮನೆಯ ಹಿಂದಿನ ಧರೆಯನ್ನು ಎಷ್ಟು ಅಡಿ, ಯಾವ ಕೋನದಲ್ಲಿ ಕಡಿಯಬಹುದು ಎಂದು ಹೇಳಲಾರದು. ಅದಕ್ಕೆ ಆ ಜಾಗಕ್ಕೇ ಹೋಗಿ ಮಣ್ಣು ಕೊರೆದು ನೋಡಬೇಕು. ಸದ್ಯಕ್ಕೆ ಹಳ್ಳಿಗಳ ಕಡೆ ಆ ಕೋನವನ್ನು ಬಹುತೇಕ ಹಿಟಾಚಿ ನಡೆಸುವವನೇ ತೀರ್ಮಾನಿಸುತ್ತಾನೆ, ಎಂಜಿನಿಯರ್ ಬಂದರೆ ತಳಪಾಯ ನೋಡಿ ಹೋಗುತ್ತಾರೆ. ಮನೆ ಕಟ್ಟಲು ಪರವಾನಗಿ ಕೊಡುವ ಪಂಚಾಯ್ತಿ ಮನೆಯ ನಕ್ಷೆಯ ಜೊತೆಗೆ ಹಿಂದಿನ ಧರೆಯ ನಕ್ಷೆಯನ್ನೂ ಕೇಳುವಂತಾದರೆ ಈ ಕೆಲಸ ಅಲ್ಲಿಂದಲೇ ಶುರುವಾಗಬಹುದು.